ಅಲೆಗಳ ಪಾಲಿನ ರೊಟ್ಟಿ

“ಗುರುಗಳೇ, ಬೆಟ್ಟದ ಮೇಲಿನ ಒಂಟಿ ಗುಡಿಸಲಿಗೆ ಹೋಗಲೇ? ಇಲ್ಲಿ ಎಂಟು ಮಂದಿ ಜೊತೆಗಾರರು. ದಿನವೂ ವಾದ, ಗೇಲಿ, ತಿಕ್ಕಾಟ. ಮನಸ್ಸು ಗಟ್ಟಿಯಾಗಲು ಇವರು ಬಿಡುವುದಿಲ್ಲ” ಎಂದು ಶಿಷ್ಯ ಕೇಳಿದ. ಗಂಟು ಆಗಲೇ ಅವನ ಕೈಯಲ್ಲಿತ್ತು.

ಗುರು ಹೇಳಿದರು:

ಉತ್ತರದಲ್ಲಿ, ಕಡಲೇ ಹೆಪ್ಪುಗಟ್ಟುವ ಚಳಿಯ ನಾಡಿನಲ್ಲಿ, ಒಂದು ದ್ವೀಪ. ಅಲ್ಲಿ ಒಬ್ಬ ಬೆಸ್ತ. ಅವನ ಹೆಂಡತಿ ಹೆರಿಗೆಗೆಂದು ಆಚೆ ದಡದ ತವರಿಗೆ ಹೋಗಿದ್ದಳು. ಹೆಣ್ಣುಮಗು ಹುಟ್ಟಿದ ಸುದ್ದಿ ಕೊನೆಯ ದೋಣಿಯಲ್ಲಿ ಬಂತು. ಇನ್ನು ಮಂಜುಗಡ್ಡೆ ಗಟ್ಟಿಯಾದ ಮೇಲೆ ನಡೆದೇ ಹೋಗಬೇಕು.

ಆ ಊರಿನಲ್ಲಿ ಒಂದು ಪದ್ಧತಿ. ವರ್ಷದಲ್ಲಿ ಮೊದಲು ದಾಟುವವನು ಅಲೆಗಳ ಪಾಲೆಂದು ಗಡ್ಡೆಯ ಮೇಲೆ ಒಂದು ರೊಟ್ಟಿ ಇಡಬೇಕು.

ದಿನವೂ ಬೆಳಗ್ಗೆ ಕಡಲು ತುಪ್ಪದಂತೆ ತೆಳುವಾಗಿ ಹೆಪ್ಪುಗಟ್ಟುತ್ತಿತ್ತು. ಅಲೆ ಬಂದು ಒಡೆಯುತ್ತಿತ್ತು. ಚೂರುಗಳು ಒಂದಕ್ಕೊಂದು ಬಡಿದು ದುಂಡಗಾದವು. ಅಂಚು ದಪ್ಪಗಾಯಿತು. ಒಂದರ ಮೇಲೊಂದು ಹತ್ತಿದವು. ಬೆಸ್ತನಿಗೆ ಕಂಡದ್ದು ಒಡೆಯುವುದು ಮಾತ್ರ. ಇಪ್ಪತ್ತು ದಿನ ಅಲೆಗಳನ್ನು ಬೈದ. ಆಮೇಲೆ ಆ ಕಡೆ ನೋಡುವುದನ್ನೇ ಬಿಟ್ಟ.

ಗುಡ್ಡದ ಮರೆಯಲ್ಲಿ, ಅಲೆ ಬಾರದ ಕಡೆ, ಗಡ್ಡೆ ಕನ್ನಡಿಯಂತೆ ಕೂತಿತ್ತು. ದಾರಿಗೆಂದು ಎರಡು ರೊಟ್ಟಿ ಕಟ್ಟಿಕೊಂಡು ಅಲ್ಲಿಗೇ ಹೊರಟ. “ಅಲೆಗಳ ಪಾಲೆಲ್ಲೋ?” ಎಂದು ನೆರೆಯ ಮುದುಕಿ ಕೇಳಿದಳು.

“ಒಡೆಯುವವರಿಗೆ ಊಟ ಬೇರೆ ಕೇಡು!”

ಮುದುಕಿ ಕಬ್ಬಿಣದ ಮೊನೆಯ ಕೋಲು ಹಿಡಿದು ಹಿಂದೆಯೇ ಬಂದಳು. ಕನ್ನಡಿಗೆ ಒಂದೇ ಏಟು ಕೊಟ್ಟಳು. ನೀರು ಚಿಮ್ಮಿತು. ಅವನನ್ನು ತೆರೆದ ಕಡಲಿನ ಕಡೆಗೆ ಎಳೆದೊಯ್ದಳು. ಅಲ್ಲಿ ಅಲೆ ಅಡಗಿತ್ತು. ಅಲೆ ಒಡೆದ ಚೂರುಗಳೇ ಅದನ್ನು ಮಣಿಸಿ, ಒಂದಕ್ಕೊಂದು ಬೆಸೆದು ನಿಂತಿದ್ದವು. ಮೂರು ಏಟಿಗೂ ಕೋಲು ಇಳಿಯಲಿಲ್ಲ.

“ಈ ಹಾಳು ಅಲೆಗಳಿಲ್ಲದಿದ್ದರೆ ಎಂದೋ ಮಗಳ ಮುಖ ನೋಡಿರುತ್ತಿದ್ದೆ” ಎಂದು ಅವನು ಆಗಲೂ ಗೊಣಗಿದ.

“ಅವಿಲ್ಲದಿದ್ದರೆ ಅವಳು ನಿನ್ನ ಮುಖ ನೋಡುತ್ತಿರಲಿಲ್ಲ, ಮಂಕೇ.”

ಬೆಸ್ತ ಬಗ್ಗಿ ಗಡ್ಡೆಯನ್ನು ಮುಟ್ಟಿ ನೋಡಿದ. ಆಮೇಲೆ ಎರಡೂ ರೊಟ್ಟಿಗಳನ್ನು ಅಲ್ಲಿಯೇ ಇಟ್ಟು, ಕೈಮುಗಿದು, ಆ ಒರಟು ಗಡ್ಡೆಯ ಮೇಲೆ ನಡೆದ. ಸಂಜೆಗೆ, ಹಸಿದ ಹೊಟ್ಟೆಯಲ್ಲಿ, ಮಗಳನ್ನು ಎತ್ತಿಕೊಂಡ.

ಗುರು ಶಿಷ್ಯನ ಗಂಟಿನ ಕಡೆ ನೋಡಿದರು.

“ಗುಡಿಸಲು ಖಾಲಿಯಿದೆ, ಹೋಗಬಹುದು. ಆದರೆ ಮೊದಲು ಒಳಗೆ ಹೋಗಿ ಆ ಎಂಟು ಮಂದಿಗೆ ರೊಟ್ಟಿ ಬಡಿಸಿ ಬಾ.”

ಶಿಷ್ಯ ಗಂಟನ್ನು ಕೆಳಗಿಟ್ಟ.