ಪೂರ್ತಿ ಲೋಟ ಕಾಫಿ

‘1996, ಜುಲೈ 9. ಸ್ವಭಾವ ಪರೀಕ್ಷೆಯಲ್ಲಿ ಗೆದ್ದೆ’ ಎಂದು ಸುಭಾಷಿಣಿಯಮ್ಮನವರ ಡೈರಿಯಲ್ಲಿದೆ.

ವಿಮಾ ಕಚೇರಿಯ ಹೊಸ ಮ್ಯಾನೇಜರು ಎಲ್ಲರಿಗೂ ಪ್ರಶ್ನೆಪತ್ರಿಕೆ ಹಂಚಿ, “ಮಾತುಗಾರರು ಯಾರೆಂದು ಇದು ಹೇಳುತ್ತದೆ. ಅವರು ಭಾನುವಾರವೂ ಗಿರಾಕಿಗಳ ಮನೆ ಸುತ್ತಬೇಕು” ಎಂದರು.

ಕಚೇರಿಗೆಲ್ಲ ದೊಡ್ಡ ಬಾಯಿ ಸುಭಾಷಿಣಿಯಮ್ಮನವರದೇ. ಬಿ.ಎ. ಓದಿದ ಜಾಣೆ, ತುಟಿ ಬಿಚ್ಚದ ತಮ್ಮ ಗಂಡ ಈ ಪರೀಕ್ಷೆಗೆ ಕೂತಿದ್ದರೆ ಏನು ಬರೆಯುತ್ತಿದ್ದರೋ ಅದನ್ನೇ ಬರೆದುಕೊಟ್ಟರು.

“ನೀವು ಏಕಾಂತಪ್ರಿಯರೇನಮ್ಮಾ?”

“ಪರೀಕ್ಷೆ ನಿಮ್ಮದೇ ಸಾರ್. ಅದು ತಪ್ಪೇ?”

ಮ್ಯಾನೇಜರು ಫಲಿತಾಂಶವನ್ನು ಗೋಡೆಗೆ ಅಂಟಿಸಿದರು.

ದಿನವೂ ಒಂದು ಲೋಟ ಕಾಫಿಯನ್ನು ಬೈಟು ಮಾಡಿ ಹಂಚಿಕೊಳ್ಳುತ್ತಿದ್ದ ಗೆಳತಿ ವಿಶಾಲು ಅದನ್ನು ಓದಿದಳು. “ನಿನಗೆ ಒಬ್ಬಳೇ ಇರೋದು ಇಷ್ಟವಂತೆ ಕಣೇ. ಇಷ್ಟು ವರ್ಷ ಸುಮ್ಮನೆ ನಿನ್ನ ತಲೆ ತಿಂದೆ.”

ಉತ್ತರ ಸುಳ್ಳೆಂದು ಹೇಳಿದರೆ ಭಾನುವಾರದ ರಜೆ ಹೋಗುತ್ತಿತ್ತು. ಸುಭಾಷಿಣಿಯಮ್ಮ ಹೌದೆಂದು ತಲೆಯಾಡಿಸಿದರು. ಭಾನುವಾರಗಳು ಉಳಿದವು. ನಿವೃತ್ತಿಯಾಗುವವರೆಗೂ ಪೂರ್ತಿ ಲೋಟ ಕಾಫಿಯನ್ನು ಒಬ್ಬರೇ ಕುಡಿದರು.