ಏರಿಗೆ ಮೂರು, ಬಯಲಿಗೆ ಮೂರು

ಗುಡ್ಡದ ಮೇಲೊಂದು ಆಶ್ರಮ, ಗುಡ್ಡದ ಬುಡದಲ್ಲೊಂದು ನದಿ, ಎರಡರ ನಡುವೆ ಏಳು ತಿರುವಿನ ರಸ್ತೆ. ಬಂದವರೆಲ್ಲ ಮೇಲಿನ ಗಾಳಿಯನ್ನು ಹೊಗಳುತ್ತಾರೆ. ರಸ್ತೆಯನ್ನು ಹೊಗಳಿದವರನ್ನು ಕಲ್ಲೇಶಿ ಈವರೆಗೆ ಕಂಡಿಲ್ಲ.

ಕಲ್ಲೇಶಿ ಅಲ್ಲಿಯ ಶಿಷ್ಯ. ಜ್ಞಾನ ಬೇಕೆಂದು ಬಂದವನು. ಅವನಿಗೆ ಸಿಕ್ಕಿದ್ದು ಗೇರಿಲ್ಲದ ಒಂದು ಹಳೆಯ ಸ್ಕೂಟರ್, ಮತ್ತು ದಿನಾ ಪೇಟೆಗೆ ಹೋಗಿ ಹಾಲು, ತರಕಾರಿ, ದೀಪದೆಣ್ಣೆ ಹೇರಿಕೊಂಡು ಬರುವ ಕೆಲಸ. ಹೀಗೇ ಆರು ವರ್ಷ ಕಳೆದಿತ್ತು.

ಬುಧವಾರ ಮತ್ತು ಶನಿವಾರ ಹಿಂದಿನ ಸೀಟಿನಲ್ಲಿ ಹಾಲಮ್ಮ ಕೂರುತ್ತಿದ್ದಳು. ಆಶ್ರಮದ ಅಡುಗೆಯವಳು, ಐವತ್ತರ ಆಸುಪಾಸಿನ ಹೆಂಗಸು. ಅವಳ ಎರಡೂ ಕಿಡ್ನಿ ಕೈಕೊಟ್ಟಿದ್ದವು. ವಾರಕ್ಕೆ ಎರಡು ಸಲ ಪೇಟೆಯ ಆಸ್ಪತ್ರೆಯಲ್ಲಿ ಡಯಾಲಿಸಿಸ್ ಆಗಲೇಬೇಕು. ಬಿಟ್ಟರೆ ಹೆಚ್ಚು ದಿನ ಇಲ್ಲ ಎಂದು ಡಾಕ್ಟರು ಮುಖಕ್ಕೇ ಹೇಳಿದ್ದರು.

ಹೋಗುವಾಗ ಇಳಿಜಾರು, ತಕರಾರಿಲ್ಲ. ಬರುವಾಗ ಏರು. ನಾಲ್ಕು ಗಂಟೆ ಯಂತ್ರಕ್ಕೆ ಕೈಯೊಡ್ಡಿ ಮಲಗಿ ಎದ್ದವಳಿಗೆ ಹತ್ತು ಹೆಜ್ಜೆ ಇಡುವ ತ್ರಾಣವೂ ಇರುತ್ತಿರಲಿಲ್ಲ. ಸ್ಕೂಟರಿಗೂ ಅಷ್ಟೇ. ಐದನೇ ತಿರುವಿಗೆ ಬರುವಷ್ಟರಲ್ಲಿ ಗೊರಗೊರ ಅಂದು ನಿಂತುಬಿಡುತ್ತಿತ್ತು.

ಆಗ ಹಾಲಮ್ಮ ಇಳಿಯಬೇಕು. ಕಲ್ಲೇಶಿ ಗಾಡಿಯನ್ನು ತಿರುವಿನಾಚೆ ತಳ್ಳಿ ನಿಲ್ಲಿಸಿ, ತಿರುಗಿ ಇಳಿದು ಬಂದು, ಅವಳ ತೋಳು ಹಿಡಿದು ನಡೆಸಬೇಕು. ಬಿಸಿಲಲ್ಲಿ ಇಬ್ಬರೂ ಹೈರಾಣ.

ಒಂದು ದಿನ ಅವನು ಗುರುಗಳಾದ ಓಂಕಾರಯ್ಯನವರ ಮುಂದೆ ನಿಂತ.

"ಬುದ್ಧಿ, ಗಾಡಿ ಹತ್ತಲ್ಲ. ಎಂಜಿನ್ನಿಗೆ ವಯಸ್ಸಾಯ್ತು."

ಓಂಕಾರಯ್ಯನವರು ಕಾವಿ ಉಡುವ ಮುಂಚೆ ಇಪ್ಪತ್ತು ವರ್ಷ ಸ್ಕೂಟರ್ ರಿಪೇರಿ ಅಂಗಡಿ ಇಟ್ಟಿದ್ದವರು. ಅದನ್ನು ಹೇಳಿಕೊಂಡು ತಿರುಗುತ್ತಿರಲಿಲ್ಲ, ಮುಚ್ಚಿಡುತ್ತಲೂ ಇರಲಿಲ್ಲ. ಎದ್ದು ಬಂದು ಗಾಡಿಯ ಪಕ್ಕ ಕುಕ್ಕರಗಾಲಲ್ಲಿ ಕೂತರು. ಚಾಲೂ ಮಾಡಿಸಿ ಸ್ವಲ್ಪ ಹೊತ್ತು ಕೇಳಿಸಿಕೊಂಡರು.

"ಎಂಜಿನ್ನಿಗೆ ಏನೂ ಆಗಿಲ್ಲ. ಎಡಗಡೆ ಮುಚ್ಚಳ ಬಿಚ್ಚು."

ಒಳಗೆ ಒಂದು ಬೆಲ್ಟ್ ಇತ್ತು. ಬೆಲ್ಟಿನ ಮುಂದಿನ ಚಕ್ರವನ್ನು ಬಿಚ್ಚಿದರೆ ಅದರೊಳಗೆ ಗೋಲಿ ಗಾತ್ರದ ಆರು ರೋಲರುಗಳು.

"ಇವು ಏನು ಮಾಡ್ತವೆ ಬುದ್ಧಿ?"

"ಎಂಜಿನ್ ತಿರುಗಿದ ಹಾಗೆ ಹೊರಕ್ಕೆ ಸರೀತವೆ. ಸರಿದು ಬೆಲ್ಟನ್ನ ಮೇಲಕ್ಕೆ ತಳ್ತವೆ. ಗೇರು ಹಾಕೋದು ಇವೇ. ತೂಕ ಜಾಸ್ತಿಯಿದ್ದರೆ ಬೇಗ ಸರೀತವೆ."

"ಬೇಗ ಸರಿದರೆ ಒಳ್ಳೇದಲ್ವಾ?"

"ಬಯಲಲ್ಲಿ ಒಳ್ಳೇದು. ಇಲ್ಲಿ ಗಾಡಿ ಇನ್ನೂ ಗುಡ್ಡದ ಮೇಲಿರುತ್ತೆ, ಗೇರು ಆಗಲೇ ಬಯಲಿಗೆ ಹೋಗಿರುತ್ತೆ."

ಹಳೆಯವು ಹದಿಮೂರು ಗ್ರಾಮಿನವು. ಕಲ್ಲೇಶಿ ಪೇಟೆಯಿಂದ ಒಂಬತ್ತು ಗ್ರಾಮಿನ ಆರು ರೋಲರು ತಂದು, ಆರನ್ನೂ ಹಾಕಿ ಮುಚ್ಚಳ ಬಿಗಿದ. ಗಾಡಿ ಕಿರುಚಿತು. ಕಿರುಚಿದ್ದೇ ಬಂತು, ಎತ್ತಿನ ಗಾಡಿಯ ಹಾಗೆ ತೆವಳಿತು.

"ಹಗುರ ಆದಷ್ಟೂ ಒಳ್ಳೇದು ಅಂದ್ಕೊಂಡೆ ಬುದ್ಧಿ."

"ಕೂಗಾಡಿದ್ರೆ ಗುಡ್ಡ ಹತ್ತಕ್ಕಾಗುತ್ತಾ? ಮೂರು ಹಳೇದು, ಮೂರು ಹೊಸದು ಹಾಕು. ಒಂದು ಬಿಟ್ಟು ಒಂದು."

ಹಾಗೇ ಹಾಕಿದ. ಗಾಡಿಯನ್ನು ಕೆಳಗಿಳಿಸಿ, ಒಮ್ಮೆ ಹತ್ತಿಸಿ ನೋಡಿ ಬರುತ್ತೇನೆ ಎಂದು ಹೊರಟ. ಓಂಕಾರಯ್ಯನವರು ಕಾವಿ ಎತ್ತಿ ಕಟ್ಟಿ ಹಿಂದಿನ ಸೀಟಿಗೇರಿದರು. ಗುರುಗಳು ಎಂಬತ್ತು ಕಿಲೋಗೆ ಕಡಿಮೆಯಿಲ್ಲದ ಆಳು. ಗಾಡಿ ಕುಗ್ಗಿತು.

"ನಾನೊಬ್ಬನೇ ಹೋಗಿ ನೋಡ್ತಿದ್ದೆನಲ್ಲ ಬುದ್ಧಿ."

"ನೀನೊಬ್ಬನೇ ಹತ್ತಿದ್ರೆ ಹಾಲಮ್ಮನಿಗೆ ಏನು ಬಂತು?"

ಮುಂದಿನ ಬುಧವಾರ ಐದನೇ ತಿರುವಿನಲ್ಲಿ ಹಾಲಮ್ಮ ರೂಢಿಯಂತೆ ಇಳಿಯಲು ಕಾಲು ಚಾಚಿದಳು. ಗಾಡಿ ನಿಲ್ಲಲಿಲ್ಲ. ಒಂದೇ ಸಮನೆ ಗುಂಯ್‌ಗುಡುತ್ತ ಆರನೆಯದನ್ನೂ ದಾಟಿತು, ಏಳನೆಯದನ್ನೂ ದಾಟಿತು. ಆಶ್ರಮದ ಬಾಗಿಲಲ್ಲಿ ಅವಳು ಹಿಂತಿರುಗಿ ರಸ್ತೆಯನ್ನು ನೋಡಿದಳು.

"ಬಂದೇಬಿಟ್ವಾ?" ಅಂದಳು. ಆ ದಿನ ಅವಳೇ ಒಳಗೆ ಹೋಗಿ ಅನ್ನಕ್ಕಿಟ್ಟಳು.

ಕಲ್ಲೇಶಿಗೂ ಸಂತೋಷವಾಯಿತು. ಅದು ಮಾರನೆಯ ದಿನದವರೆಗೆ ಇತ್ತು.

ಗುಡ್ಡ ಇಳಿದ ಮೇಲೆ ಪೇಟೆಯವರೆಗೆ ನದಿಯ ಪಕ್ಕದಲ್ಲೇ ಹದಿನಾಲ್ಕು ಕಿಲೋಮೀಟರ್ ಸಪಾಟು ರಸ್ತೆ. ಒಬ್ಬನೇ ಇದ್ದಾಗ ಅವನು ಅಲ್ಲಿ ಗಾಡಿಯನ್ನು ಜೋರಾಗಿ ಬಿಡುತ್ತಿದ್ದ. ಆರು ವರ್ಷದಲ್ಲಿ ತನ್ನದು ಅಂತ ಅವನಿಗಿದ್ದ ಸುಖ ಅದೊಂದೇ. ಈಗ ನಲವತ್ತು ದಾಟಿದರೆ ಎಂಜಿನ್ ಅರಚುತ್ತಿತ್ತು, ಗಾಡಿ ಮುಂದೆ ಹೋಗುತ್ತಿರಲಿಲ್ಲ. ಕಬ್ಬು ತುಂಬಿದ ಲಾರಿಯೊಂದು ಹಾರ್ನ್ ಹೊಡೆದು ಅವನನ್ನು ಹಿಂದೆ ಹಾಕಿತು. ಕಲ್ಲೇಶಿಗೆ ಅಳು ಬರುವಂತಾಯಿತು.

ಅವನು ಗುರುಗಳನ್ನು ಕೇಳಿದ, "ಬುದ್ಧಿ, ಏರೂ ಹತ್ತಬೇಕು, ಬಯಲಲ್ಲೂ ಓಡಬೇಕು. ಹಂಗೆ ಮಾಡಕ್ಕಾಗಲ್ವಾ?"

"ಇಪ್ಪತ್ತು ವರ್ಷ ಎಲ್ಲ ಗಿರಾಕಿಗಳೂ ಅದನ್ನೇ ಕೇಳಿದ್ರು," ಅಂದರು ಓಂಕಾರಯ್ಯ. ಅಷ್ಟು ಹೇಳಿ ಸ್ನಾನಕ್ಕೆ ಹೋದರು.

ಆಗಲ್ಲ ಎಂದು ಅವರು ಹೇಳಲಿಲ್ಲವಲ್ಲ, ಎಂದು ಕಲ್ಲೇಶಿ ತನಗೆ ಬೇಕಾದಂತೆ ಅರ್ಥ ಮಾಡಿಕೊಂಡ. ಒಬ್ಬನೇ ಹೋಗುವ ದಿನ ಮೂರು ಹಗುರದವನ್ನು ತೆಗೆದು ಮೂರು ಭಾರದವನ್ನು ಹಾಕತೊಡಗಿದ. ಮಂಗಳವಾರ ಮತ್ತು ಶುಕ್ರವಾರ ಸಂಜೆ ಮತ್ತೆ ಬಿಚ್ಚಿ ಹಗುರದವನ್ನು ಹಾಕುತ್ತಿದ್ದ. ತೆಗೆದ ಮೂರು ಜೇಬಿನಲ್ಲಿ ಇರುತ್ತಿದ್ದವು. ಮೊದಮೊದಲು ಎರಡು ಗಂಟೆ ಹಿಡಿಯುತ್ತಿದ್ದ ಕೆಲಸ ತಿಂಗಳು ಕಳೆಯುವಷ್ಟರಲ್ಲಿ ಅರ್ಧ ಗಂಟೆಗೆ ಇಳಿಯಿತು. ಯಾರಿಗೂ ಗೊತ್ತಾಗಲಿಲ್ಲ. ದಣಿವು ಮಾತ್ರ ಇನ್ನೊಂದು ಪಾಲು ಹೆಚ್ಚಾಯಿತು.

ಒಂದು ಮಂಗಳವಾರ ಸಂಜೆ ಅವನು ಸ್ಪ್ಯಾನರ್ ಕೈಗೆತ್ತಿಕೊಂಡು ಗಾಡಿಯ ಮುಂದೆ ಕೂತ. ಬೆನ್ನು ನೋಯುತ್ತಿತ್ತು. ಸ್ಪ್ಯಾನರನ್ನು ಕೆಳಗಿಟ್ಟು ಹೋಗಿ ಮಲಗಿದ.

ಬುಧವಾರ ಮಧ್ಯಾಹ್ನ ಐದನೇ ತಿರುವಿನಲ್ಲಿ ಗಾಡಿ ನಿಂತಿತು. ಹಾಲಮ್ಮ ಇಳಿದಳು. ನಾಲ್ಕು ಹೆಜ್ಜೆ ಇಟ್ಟು ಕುಸಿದು ಕೂತಳು. ಅವಳನ್ನು ಮೇಲೆ ತಲುಪಿಸಲು ಎರಡು ಗಂಟೆ ಹಿಡಿಯಿತು. ಕೊನೆಯ ತಿರುವಿನಲ್ಲಿ ಕಲ್ಲೇಶಿ ಅವಳನ್ನು ಬೆನ್ನ ಮೇಲೆ ಹೊತ್ತಿದ್ದ.

"ಕಲ್ಲೇಶಿ, ಇನ್ನು ನಾನು ಬರಲ್ಲ ಕಣಪ್ಪ," ಅಂದಳು ಅವಳು, ಬೆನ್ನ ಮೇಲಿಂದಲೇ.

"ಹಂಗನ್ನಬೇಡ ಅಕ್ಕ."

"ನಿನ್ನನ್ನ ಹಿಂಗೆ ಗೋಳು ಹುಯ್ಕೊಂಡು ಎಷ್ಟು ದಿನ ಬದುಕಲಿ? ನಿಂಗೂ ಸಾಕಾಗೈತೆ, ನಂಗೂ ಸಾಕಾಗೈತೆ."

ಸಂಜೆ ಕಲ್ಲೇಶಿ ಗುರುಗಳನ್ನು ಹುಡುಕಿಕೊಂಡು ಹೋದ. ಅವರು ಅಡುಗೆಮನೆಯಲ್ಲಿ, ಹಾಲಮ್ಮ ಕೂರುವ ಜಾಗದಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು.

"ಗಾಡಿ ಯಾಕೆ ನಿಲ್ತು?" ಎಂದು ತಲೆಯೆತ್ತದೆ ಕೇಳಿದರು.

ಕಲ್ಲೇಶಿ ಜೇಬಿನಿಂದ ಮೂರು ರೋಲರು ತೆಗೆದು ಮುಂದಿಟ್ಟ. ನಡೆದಿದ್ದೆಲ್ಲ ಹೇಳಿದ.

"ಬದಲಾಯಿಸೋಕೆ ಎಷ್ಟು ಹೊತ್ತು ಹಿಡಿಯುತ್ತೆ?"

"ಅರ್ಧ ಗಂಟೆ ಬುದ್ಧಿ."

"ನಂಗೆ ಮುಕ್ಕಾಲು ಗಂಟೆ ಬೇಕಾಗ್ತಿತ್ತು. ಒಳ್ಳೆ ಕೈ ನಿಂದು."

ಬೈದಿದ್ದರೆ ಕಲ್ಲೇಶಿ ತಡೆದುಕೊಳ್ಳುತ್ತಿದ್ದ. ಇದನ್ನು ತಡೆಯಲಾಗಲಿಲ್ಲ.

"ನಿನ್ನೆ ಮರೆತಿರಲಿಲ್ಲ ಬುದ್ಧಿ. ನೆನಪಿತ್ತು. ಒಂದು ಸಲ ಹೆಂಗೋ ನಡೆಯುತ್ತೆ ಅಂತ ಮಲಗಿಬಿಟ್ಟೆ. ಆ ರಸ್ತೇಲಿ ಜೋರಾಗಿ ಹೋದರೆ ಗಾಳಿ ಮುಖಕ್ಕೆ ಹೊಡೆಯುತ್ತೆ, ಎಚ್ಚರ ಇರ್ತೀನಿ. ನಿಧಾನ ಹೋದರೆ ಗಾಡಿ ಮೇಲೇ ಕಣ್ಣು ಎಳೆಯುತ್ತೆ. ಜ್ಞಾನ ಬೇಕು ಅಂತ ಬಂದವನು ನಾನು. ಈಗ ನಿದ್ದೆ ಸಿಕ್ಕಿದರೆ ಸಾಕು ಅನ್ನೋ ಹಂಗಾಗಿದೆ."

"ಇದನ್ನ ಯಾರಿಗಾದ್ರೂ ಹೇಳಿದ್ಯಾ?"

"ಹೆಂಗೆ ಹೇಳಲಿ? ಸೇವೆ ಅಲ್ವಾ."

ಓಂಕಾರಯ್ಯನವರು ಮೂರೂ ರೋಲರುಗಳನ್ನು ಅವನ ಕೈಗೇ ವಾಪಸ್ಸು ಕೊಟ್ಟರು. "ಅಕ್ಕಿಯಲ್ಲಿ ಸೇರ್ಕೊಂಡ್ರೆ ಹಲ್ಲು ಹೋಗುತ್ತೆ, ತಗೋ," ಅಂದರು.

ಕಲ್ಲೇಶಿ ಆ ಸಂಜೆಯೇ ಕೂತು ಹಗುರದವನ್ನು ಹಾಕಿದ. ಗುರುವಾರ ಪೇಟೆಯ ಮೆಕ್ಯಾನಿಕ್ಕನ ಹಳೆ ಸಾಮಾನಿನ ಡಬ್ಬಕ್ಕೆ ಭಾರದ ಮೂರನ್ನೂ ಹಾಕಿ ಬಂದ. ಬರುವಾಗ ಮೂರು ಕಬ್ಬಿನ ಲಾರಿ ಅವನನ್ನು ಹಿಂದೆ ಹಾಕಿದವು. ಎರಡು ಕಡೆ ಗಾಡಿ ನಿಲ್ಲಿಸಿ ನದಿಗಿಳಿದು ಮುಖ ತೊಳೆದುಕೊಂಡ.

ಶನಿವಾರ ಬೆಳಿಗ್ಗೆ ಹಾಲಮ್ಮ ಚಾಪೆ ಬಿಟ್ಟು ಏಳಲಿಲ್ಲ. ಮುಖ ಊದಿಕೊಂಡಿತ್ತು. ಪಾದಗಳೂ ಊದಿದ್ದವು.

"ಅಕ್ಕ, ಗಾಡಿ ಸರಿಮಾಡೀನಿ. ಇನ್ನು ಬದಲಾಯಿಸಲ್ಲ. ಭಾರದವನ್ನ ಬಿಸಾಕಿ ಬಂದೆ."

"ಗಾಡಿ ಹತ್ತುತ್ತೆ ಕಣಪ್ಪ. ನಾನು ಇನ್ನೊಬ್ಬರಿಗೆ ಹೊರೆಯಾಗಿ ಹತ್ತಲ್ಲ."

ಬೇಡಿಕೊಂಡ. ರೇಗಿದ. ತಪ್ಪು ನನ್ನದು ಅಂತ ಕಾಲು ಹಿಡಿದ. ಅವಳು ಗೋಡೆಯ ಕಡೆ ಹೊರಳಿದಳು. ಅವನು ಹೊರಗೆ ಬಂದು ಗಾಡಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟ. ಆಸ್ಪತ್ರೆಯ ಹೊತ್ತು ಮೀರುತ್ತಿತ್ತು.

ಓಂಕಾರಯ್ಯನವರು ಒಳಗೆ ಹೋದರು. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ಆಗಿರಲಿಕ್ಕಿಲ್ಲ, ಹೊರಗೆ ಬಂದರು. ಅವರ ಹಿಂದೆಯೇ ಹಾಲಮ್ಮ, ಗೋಡೆ ಹಿಡಿದುಕೊಂಡು, ತಲೆಗೆ ಸೆರಗು ಹೊದ್ದು, ಆಸ್ಪತ್ರೆಯ ಚೀಲದ ಸಮೇತ ಬಂದಳು. ಕಲ್ಲೇಶಿಯ ಮುಖವನ್ನೇ ಒಂದು ಗಳಿಗೆ ನೋಡಿದಳು. ಆಮೇಲೆ ಏನೋ ನೆನಪಾದವಳಂತೆ ಚೀಟಿ ತರಲು ಮತ್ತೆ ಒಳಗೆ ಹೋದಳು.

ಕಲ್ಲೇಶಿ ದಡಬಡ ಎದ್ದ.

"ನಾನು ಕಾಲು ಹಿಡಿದ್ರೂ ಏಳಲಿಲ್ಲ. ನೀವು ಅದೇನು ಉಪದೇಶ ಮಾಡಿದ್ರಿ ಬುದ್ಧಿ?"

ಓಂಕಾರಯ್ಯನವರು ಹಿಂದಿನ ಸೀಟಿನ ಧೂಳನ್ನು ಹೆಗಲ ವಸ್ತ್ರದಿಂದ ಒರೆಸುತ್ತಿದ್ದರು.

"ಉಪದೇಶ ಏನಿಲ್ಲಪ್ಪ. ಕಲ್ಲೇಶಿಗೆ ಬಹಳ ಸುಸ್ತಾಗಿದೆ, ಗಾಡಿ ಮೇಲೇ ತೂಕಡಿಸ್ತಾನೆ ಅಂದೆ. 'ಅಯ್ಯೋ, ಹಂಗಾದ್ರೆ ಅವನೊಬ್ಬನನ್ನೇ ಹೆಂಗೆ ಕಳಿಸೋದು ಬುದ್ಧಿ' ಅಂತ ಅವಳೇ ಎದ್ದಳು."