ಗುಂಡುಬದನೆಯ ಪುಟ

"ಗುರುಗಳೇ, ಗೆಳೆಯನಿಗಾಗಿ ಅಷ್ಟೆಲ್ಲ ಮಾಡಿದೆ. ಅವನು ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಅಂಥವನ ಸ್ನೇಹ ಏಕೆ ಬಿಡಬಾರದು?" ಎಂದು ಶಿಷ್ಯ ಕೇಳಿದ.

ಗುರುಗಳು ನಕ್ಕರು. "ಇದೇ ಸಿಟ್ಟು ಬಂದ ಒಬ್ಬ ವ್ಯಾಪಾರಿ ಇದ್ದ. ಅವನು ಏನು ಮಾಡಿದ, ಊಹಿಸು ನೋಡೋಣ."

"ಸ್ನೇಹ ಬಿಟ್ಟಿರಬೇಕು."

"ಬಿಡುವುದರಲ್ಲಿದ್ದ. ಕೇಳು."

ಒಬ್ಬ ರೈತ, ಒಬ್ಬ ತರಕಾರಿ ವ್ಯಾಪಾರಿ, ಹಳೆಯ ಗೆಳೆಯರು. ತಮ್ಮ ಊರಿನ ಗುಂಡುಬದನೆಯ ಬಗ್ಗೆ ಇಬ್ಬರೂ ಸೇರಿ, ಯಾರು ಬೇಕಾದರೂ ಬರೆದು ತಿದ್ದಬಹುದಾದ ವಿಕಿ ಜಾಲತಾಣದಲ್ಲಿ ಒಂದು ಪುಟ ಬರೆಯುತ್ತಿದ್ದರು. ಬೇಸಾಯದ ಸಂಗತಿ ರೈತನದು, ಅಡುಗೆಯ ಸಂಗತಿ ವ್ಯಾಪಾರಿಯದು. ಹಿಂದೊಮ್ಮೆ ರೋಗ ಬಂದು ಊರಿನ ಬದನೆಯೆಲ್ಲ ಹಾಳಾದಾಗ, ಬೂದಿಯಲ್ಲಿ ಬೆರೆಸಿಟ್ಟಿದ್ದ ಒಂದು ಹಿಡಿ ಬೀಜ ತಂದುಕೊಟ್ಟವನು ಈ ವ್ಯಾಪಾರಿಯೇ. ಪುಟದಲ್ಲಿ ಆ ಮಾತು ಬರಬೇಕೆಂದು ಅವನಿಗೆ ಒಳಗೊಳಗೇ ಆಸೆ. ತಾನೇ ಬರೆದುಕೊಳ್ಳಲು ನಾಚಿಕೆ. ಆಗಾಗ ತೆರೆದು ನೋಡುವನು, ಇಲ್ಲ. ಒಂದು ವರ್ಷ ಕಾದ. ಕಡೆಗೆ ರೈತನ ಮನೆಗೆ ಹೋಗುವುದನ್ನೇ ನಿಲ್ಲಿಸಿದ.

ವಿಕಿಯ ಪುಟಕ್ಕೆ ಒಂದು ಗುಣವಿದೆ. ಯಾರು ಏನೇ ತಿದ್ದಲಿ, ಹಳೆಯ ಪ್ರತಿಗಳೆಲ್ಲ ತಾರೀಖು, ಹೆಸರಿನೊಡನೆ 'ಇತಿಹಾಸ'ದಲ್ಲಿ ಉಳಿದಿರುತ್ತವೆ. ರೈತ ಇಷ್ಟೆಲ್ಲ ಬರೆದರೂ ತನ್ನ ಮಾತೆತ್ತಿಲ್ಲ ಎಂದು ತೋರಿಸಿಯೇ ಸ್ನೇಹ ಮುಗಿಸೋಣವೆಂದು, ವ್ಯಾಪಾರಿ ಎರಡೆರಡು ಪ್ರತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುತ್ತ ಕೂತ. ಹನ್ನೊಂದನೆಯ ಸಲಕ್ಕೆ, ಎಡಗಡೆಯ ಪ್ರತಿಯಲ್ಲಿ ರೈತ ಬರೆದ ಸಾಲೊಂದು ಕಂಡಿತು: 'ಈ ತಳಿ ಇಂದು ಉಳಿದಿದ್ದರೆ ಅದು ನನ್ನ ಗೆಳೆಯ ಕೊಟ್ಟ ಒಂದು ಹಿಡಿ ಬೀಜದಿಂದ.' ಬಲಗಡೆ, ಮರುದಿನದ ಪ್ರತಿಯಲ್ಲಿ, ಆ ಸಾಲು ಇರಲಿಲ್ಲ. ಅಳಿಸಿದವರು ಯಾರೆಂದು ನೋಡಿದ. ತನ್ನದೇ ಹೆಸರು.

ಆಗ ನೆನಪಾಯಿತು. ಎಣ್ಣೆಗಾಯಿ ಮಾಡುವ ಕ್ರಮ ಸೇರಿಸಲೆಂದು ಇಡೀ ಪುಟವನ್ನು ಮೊಬೈಲಿಗೆ ನಕಲು ಮಾಡಿಕೊಂಡಿದ್ದ. ಎರಡು ದಿನ ಕೂತು ಬರೆದು, ನಡುವೆ ಯಾರು ಏನು ಸೇರಿಸಿದ್ದಾರೆಂದು ನೋಡದೆ, ತನ್ನ ನಕಲನ್ನೇ ಪುಟದ ಮೇಲೆ ಅಂಟಿಸಿಬಿಟ್ಟಿದ್ದ.

ಚಪ್ಪಲಿ ಮೆಟ್ಟಿ ನೇರ ರೈತನ ಮನೆಗೆ ಹೋದ.

"ನಾನು ಅಳಿಸಿದ್ದು ನೋಡಿಯೂ ಸುಮ್ಮನಿದ್ದೆಯಲ್ಲ ಮಾರಾಯ?"

"ಹೊಗಳಿದರೆ ನಿನಗೆ ಸೇರೋದಿಲ್ಲ ಅಂದುಕೊಂಡೆ," ಎಂದ ರೈತ. "ನಿನ್ನ ವಿಷಯದಲ್ಲಿ ನಾನು ತಪ್ಪಿದ್ದು ಇದೇ ಮೊದಲು. ಬಾ, ಎಣ್ಣೆಗಾಯಿ ಇದೆ. ನೀನು ಬರೆದ ಹಾಗೇ ಮಾಡಿದ್ದು, ಉಪ್ಪು ಸ್ವಲ್ಪ ಜಾಸ್ತಿ."

ವ್ಯಾಪಾರಿ ಎರಡು ಸಲ ಬಡಿಸಿಕೊಂಡು ಉಂಡ.

ಶಿಷ್ಯ ಏನೋ ಹೇಳಹೊರಟ. ಗುರುಗಳು ಅಂದರು: "ಗೆಳೆಯ ಆಡಿದ ಮಾತನ್ನು ನೀನೇ ಅಳಿಸಿದ ದಿನ ಯಾವುದೆಂದು ಹುಡುಕು. ವ್ಯಾಪಾರಿಯದು ಆ ಪುಟದ 'ಇತಿಹಾಸ'ದಲ್ಲೇ ಇದೆ: ಎರಡು ಸಾವಿರದ ಹದಿನೆಂಟನೆಯ ಇಸವಿ, ಆಗಸ್ಟ್ ಒಂಬತ್ತು, ಗುರುವಾರ."